ಇಳಿಜಾರಿನಲ್ಲಿ ಕುದುರೆ: ಕೂರುವುದು ಹೇಗೆ, ಇಳಿದು ನಡೆಯುವುದು ಯಾವಾಗ

ಗುಡ್ಡ ಹತ್ತುವಾಗ ದಮ್ಮು ಸಾಲದೆ ಹೋದರೆ ಕುದುರೆ ತಾನೇ ನಿಲ್ಲುತ್ತದೆ. ಇಳಿಯುವಾಗ ಆ ಸೌಕರ್ಯ ಇಲ್ಲ. ಒಂದು ಹೆಜ್ಜೆ ತಪ್ಪಿದರೆ ಮುಂದಿನ ಹೆಜ್ಜೆ ಇನ್ನೂ ಕೆಳಗಿರುತ್ತದೆ, ಮೈಭಾರವೆಲ್ಲ ಅತ್ತಲೇ ಹೊರಟಿರುತ್ತದೆ. ಹಾಗಿದ್ದೂ ಇಳಿಯುವ ಪಾಠವನ್ನು ಬಹಳ ಕಡೆ ಎರಡೇ ಮಾತಿನಲ್ಲಿ ಮುಗಿಸುತ್ತಾರೆ: ಹಿಂದಕ್ಕೆ ವಾಲಿ, ಲಗಾಮು ಬಿಗಿ ಹಿಡಿಯಿರಿ. ನನ್ನ ಮಟ್ಟಿಗೆ ಎರಡೂ ತಪ್ಪು ಸಲಹೆಗಳೇ. ಕುದುರೆಗೆ ನಾಲ್ಕು ಕಾಲಿವೆ, ಇಳಿಯುವುದು ಅದಕ್ಕೆ ಗೊತ್ತು. ಅದರ ಲೆಕ್ಕ ಕೆಡಿಸದೆ ಕೂರುವುದು, ಯಾವ ಇಳಿಜಾರಿಗೆ ಇಳಿಯಬಾರದೆಂದು ಮೇಲೆಯೇ ತೀರ್ಮಾನಿಸುವುದು, ಇವೆರಡು ಸವಾರರ ಪಾಲಿನ ಕೆಲಸ.

ಮಲೆನಾಡಿನಲ್ಲಿ ಈ ವಿದ್ಯೆ ಬಿಟ್ಟು ಸವಾರಿಯೇ ಇಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರ, ಯಾವ ಕಡೆ ಹೊರಟರೂ ಗದ್ದೆಬಯಲು ದಾಟಿದ ಕೂಡಲೇ ಏರು, ಏರಿನ ಆಚೆ ಇಳಿಜಾರು.

ಕುದುರೆಯ ಮೈಯಿಂದ ಶುರುಮಾಡೋಣ. ಸಪಾಟು ನೆಲದಲ್ಲಿ ನಿಂತ ಕುದುರೆಯ ಭಾರದಲ್ಲಿ ಸುಮಾರು 60 ಪಾಲು ಮುಂಗಾಲುಗಳ ಮೇಲೆ, 40 ಪಾಲು ಹಿಂಗಾಲುಗಳ ಮೇಲೆ ಇರುತ್ತದೆ. ಇಳಿಜಾರಿನಲ್ಲಿ ಮುಂಗಾಲಿನ ಪಾಲು ಇನ್ನೂ ಹೆಚ್ಚುತ್ತದೆ. ನಮಗೆ ಹೆಗಲನ್ನು ಎದೆಗೆ ಜೋಡಿಸುವ ಕಾಲರ್ ಬೋನ್ ಇದೆ, ಕುದುರೆಗೆ ಇಲ್ಲ. ಅದರ ಎದೆಗೂಡು ಎರಡು ಮುಂಗಾಲುಗಳ ನಡುವೆ ಬರೀ ಮಾಂಸಖಂಡದ ಬಲದಲ್ಲಿ ತೂಗಿಕೊಂಡಿದೆ. ಇಳಿಯುವಾಗ ಪ್ರತಿ ಹೆಜ್ಜೆಗೂ ಈ ಖಂಡಗಳು ಹಿಗ್ಗುತ್ತಲೇ ಭಾರ ತಡೆಯಬೇಕು. ಹಿಗ್ಗುತ್ತ ದುಡಿದ ಖಂಡಕ್ಕೆ ನೋವು ಬರುವುದು ಮಾರನೆಯ ದಿನ; ಬೆಟ್ಟ ಇಳಿದ ಮನುಷ್ಯರ ತೊಡೆಗೂ ಆಗುವುದು ಇದೇ. ಹಿಂಗಾಲುಗಳದ್ದು ಇನ್ನೊಂದು ಬಗೆಯ ಕೆಲಸ. ಮಂಡಿಯನ್ನೂ ಅದರ ಕೆಳಗಿನ ಹಾಕ್ ಕೀಲನ್ನೂ ಮಡಚಿ, ಹಿಂಭಾಗವನ್ನು ತಗ್ಗಿಸಿ, ಹೊಟ್ಟೆಯ ಅಡಿಗೆ ಕಾಲು ತಂದುಕೊಂಡು ಬ್ರೇಕು ಹಾಕುತ್ತವೆ. ಕುದುರೆಯ ಹಿಂಗಾಲಿನಲ್ಲಿ ಮಂಡಿ ಮಡಚಿದರೆ ಹಾಕ್ ಕೀಲೂ ಮಡಚಲೇಬೇಕು, ಒಂದನ್ನು ಬಿಟ್ಟು ಇನ್ನೊಂದು ಆಗುವುದಿಲ್ಲ. ಹೀಗಾಗಿ ಹಾಕ್ ನೋಯುವ ಕುದುರೆಗೆ ಬ್ರೇಕೇ ಇರುವುದಿಲ್ಲ. ಅಂಥ ಕುದುರೆ ಇಳಿಜಾರಿನಲ್ಲಿ ಓಡುತ್ತದೆ, ಇಲ್ಲವೇ ಹಿಂಭಾಗವನ್ನು ಒಂದು ಪಕ್ಕಕ್ಕೆ ತಿರುಗಿಸಿಕೊಂಡು ಓರೆಯಾಗಿ ಇಳಿಯುತ್ತದೆ. ನೋಡಿದವರು ಮೊಂಡು ಕುದುರೆ ಎಂದು ಚಾಟಿ ಹುಡುಕುತ್ತಾರೆ. ಹುಡುಕಬೇಕಾದ್ದು ಪಶುವೈದ್ಯರನ್ನು.

ಭಾರದ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸವಾರರು, ಜೀನು, ಚೀಲ ಎಲ್ಲ ಸೇರಿ ಕುದುರೆಯ ತೂಕದ 20 ಶೇಕಡ ಮೀರಬಾರದು ಎಂಬುದು ಸಾಮಾನ್ಯ ನಿಯಮ. ಕಡಿದಾದ ಗುಡ್ಡಕ್ಕೆ 15ರಿಂದ 17 ಶೇಕಡ ಸಾಕು ಎಂಬುದು ನನ್ನ ಅಭಿಪ್ರಾಯ. ತೂಕದ ಯಂತ್ರ ಇಲ್ಲದಿದ್ದರೆ ದರ್ಜಿ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಹೆಗಲ ಮುಂತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದ, ಎರಡನ್ನೂ ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಲೆಕ್ಕದ ಅಂದಾಜು ತೂಕ ಸಿಗುತ್ತದೆ. ಸುತ್ತಳತೆ 160, ಉದ್ದ 145 ಇದ್ದರೆ ಸುಮಾರು 312 ಕಿಲೋ. ಅದರ 20 ಶೇಕಡ ಎಂದರೆ 62 ಕಿಲೋ ಚಿಲ್ಲರೆ. ಅಂದರೆ 70 ಕಿಲೋ ತೂಗುವವರು ಆ ಕುದುರೆ ಹತ್ತಿ ಗುಡ್ಡ ಇಳಿಯುವುದು ಬೇಡ.

ಇಳಿಜಾರು ಎಷ್ಟು ಎಂದು ಕಣ್ಣಂದಾಜಿನಲ್ಲಿ ಹೇಳಲು ಹೋಗಬೇಡಿ. ಜೀನಿನ ಮೇಲೆ ಕೂತವರ ಕಣ್ಣು ನೆಲದಿಂದ ಏಳೆಂಟು ಅಡಿ ಮೇಲಿರುತ್ತದೆ, ಅಲ್ಲಿಂದ ಎಲ್ಲವೂ ಪ್ರಪಾತ. ಕೆಳಗೆ ನಿಂತು ನೋಡಿದರೆ ಅದೇ ಜಾಗ ಏನೂ ಅಲ್ಲ ಅನಿಸುತ್ತದೆ. ಒಂದು ಮೀಟರ್ ಉದ್ದದ ಕೋಲು, ಅರ್ಧ ನೀರಿರುವ ಬಾಟಲಿ ಇದ್ದರೆ ಅಳೆಯಬಹುದು. ಕೋಲಿನ ಒಂದು ತುದಿಯನ್ನು ನೆಲಕ್ಕೆ ಊರಿ ಇನ್ನೊಂದು ತುದಿಯನ್ನು ಇಳಿಜಾರಿನ ಕಡೆಗೆ ಚಾಚಿ, ಬಾಟಲಿಯನ್ನು ಕೋಲಿನ ಉದ್ದಕ್ಕೆ ಮಲಗಿಸಿ ಹಿಡಿದು, ನೀರು ಸಮವಾಗುವವರೆಗೆ ಕೋಲನ್ನು ಎತ್ತಿ. ಈಗ ಆಚೆ ತುದಿಯಿಂದ ನೆಲಕ್ಕೆ ಎಷ್ಟು ಎತ್ತರ ನೋಡಿ. 18 ಸೆಂಟಿಮೀಟರ್ ಇದ್ದರೆ 10 ಡಿಗ್ರಿ, 27 ಇದ್ದರೆ 15, 36 ಇದ್ದರೆ 20, 47 ಇದ್ದರೆ 25, 58 ಇದ್ದರೆ 30. ನಾಲ್ಕಾರು ಕಡೆ ಹೀಗೆ ಅಳೆದರೆ ಆಮೇಲೆ ಕಣ್ಣೇ ಹೇಳುತ್ತದೆ.

ಒಣ ನೆಲದಲ್ಲಿ 15 ಡಿಗ್ರಿವರೆಗೆ ಆರೋಗ್ಯವಂತ ಕುದುರೆ ಯಾವುದಾದರೂ ಸವಾರರನ್ನು ಹೊತ್ತು ಇಳಿಯುತ್ತದೆ. 15ರಿಂದ 25 ಡಿಗ್ರಿಗೆ ಪಳಗಿದ ಕುದುರೆ, ಪಳಗಿದ ಸವಾರರು, ಕೆಳಗೆ ನಿಲ್ಲಲು ಸಪಾಟು ಜಾಗ, ಮೂರೂ ಇರಬೇಕು. 25 ದಾಟಿದರೆ ಇಳಿದು ನಡೆಸುವುದು ಲೇಸು. 30 ದಾಟಿತೆಂದರೆ ಬೇರೆ ದಾರಿ. ನೆಲ ಒದ್ದೆಯಿದ್ದರೆ ಈ ಎಲ್ಲ ಅಂಕಿಯಿಂದ ಹತ್ತು ಕಳೆಯಿರಿ. ಇವು ನಾನು ಇಟ್ಟುಕೊಂಡ ಮಿತಿಗಳು. ಮಿಲಿಟರಿಯವರು, ಕುದುರೆ ಓಟದ ಪಟುಗಳು ಇದಕ್ಕಿಂತ ಕಡಿದಾದ ಕಡೆ ಇಳಿದಿದ್ದಾರೆ, ನಿಜ. ನಮಗೆ ಸಂಜೆ ಮನೆಗೆ ಬಂದು ಹಾಲು ಕರೆಯುವುದಿದೆ.

ಗುಡ್ಡದ ನೆತ್ತಿಯಲ್ಲಿ ಹತ್ತು ನಿಮಿಷ

ಹತ್ತಿ ಬಂದ ಕುದುರೆಯನ್ನು ಹಾಗೇ ಇಳಿಸಬಾರದು. ದಣಿದ ಕುದುರೆ ಗೊರಸನ್ನು ಸರಿಯಾಗಿ ಎತ್ತುವುದಿಲ್ಲ, ಎಡವುತ್ತದೆ. ನೆತ್ತಿಯಲ್ಲಿ ಇಳಿದು, ಕೆಳದವಡೆಯ ಒಳ ಅಂಚಿನಲ್ಲಿ ಬೆರಳಿಟ್ಟು ನಾಡಿ ಎಣಿಸಿ. ವಿಶ್ರಾಂತಿಯಲ್ಲಿರುವ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ಏರು ಮುಗಿಸಿದಾಗ ನೂರು ದಾಟಿರಬಹುದು. ಹತ್ತು ನಿಮಿಷದಲ್ಲಿ 64ಕ್ಕಿಂತ ಕೆಳಗೆ ಬಂದರೆ ಹೊರಡಬಹುದು. ಹದಿನೈದು ನಿಮಿಷ ಕಳೆದರೂ ಬರದಿದ್ದರೆ ಆವತ್ತಿನ ಸವಾರಿ ಅಲ್ಲಿಗೆ ಮುಗಿಯಿತು. ನೆರಳಿನಲ್ಲಿ ನಿಲ್ಲಿಸಿ, ಆಮೇಲೆ ನಡೆಸಿಕೊಂಡು ಬನ್ನಿ.

ಆ ಹತ್ತು ನಿಮಿಷದಲ್ಲೇ ಸಾಮಾನು ನೋಡಬೇಕು. ಹತ್ತುವಾಗ ಜೀನು ಹಿಂದಕ್ಕೆ ಜಾರಿರುತ್ತದೆ, ಬೆವರಿಗೆ ಪ್ಯಾಡು ಅಮುಕಿಕೊಂಡಿರುತ್ತದೆ, ಲಾಯದಲ್ಲಿ ಬಿಗಿಯಾಗಿದ್ದ ಹೊಟ್ಟೆಪಟ್ಟಿ ಇಲ್ಲಿ ಸಡಿಲ. ಜೀನನ್ನು ಎತ್ತಿ ಮೊದಲಿನ ಜಾಗಕ್ಕೆ ತಂದು, ಪ್ಯಾಡನ್ನು ಜೀನಿನ ಮುಂದಿನ ಕಮಾನಿನೊಳಕ್ಕೆ ಎಳೆದು ಹೆಗಲ ದಿಬ್ಬಕ್ಕೆ, ಅಂದರೆ ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಎತ್ತರದ ಜಾಗಕ್ಕೆ, ಒತ್ತದಂತೆ ಮಾಡಿ. ಪಟ್ಟಿಯನ್ನು ಬೆರಳೆರಡು ಕಷ್ಟಪಟ್ಟು ಹೋಗುವಷ್ಟು ಬಿಗಿಯಿರಿ. ಬಿಗಿದ ಮೇಲೆ ಎರಡೂ ಮುಂಗಾಲನ್ನು ಒಂದೊಂದಾಗಿ ಮುಂದಕ್ಕೆ ಎಳೆದು ಬಿಡಬೇಕು. ಮೊಣಕೈ ಹಿಂದೆ ಮಡಿಕೆಯಾದ ಚರ್ಮ ಬಿಡಿಸಿಕೊಳ್ಳದಿದ್ದರೆ ಪಟ್ಟಿ ಅಲ್ಲೇ ಉಜ್ಜಿ ಹುಣ್ಣಾಗುವುದು ಖಂಡಿತ.

ಹೆಗಲ ದಿಬ್ಬ ಎತ್ತರ ಇಲ್ಲದ, ಹೊಟ್ಟೆ ಗುಂಡಗಿರುವ ತಟ್ಟುಗಳಲ್ಲಿ ಎಷ್ಟು ಬಿಗಿದರೂ ಜೀನು ಇಳಿಜಾರಿನಲ್ಲಿ ಕುತ್ತಿಗೆಯ ಕಡೆ ಜಾರುತ್ತದೆ. ಇದಕ್ಕೆ ಮದ್ದು ಬಾಲಪಟ್ಟಿ, ಅಂದರೆ ಬಾಲದ ಬುಡಕ್ಕೆ ಸುತ್ತಿ ಜೀನಿನ ಹಿಂಬದಿಗೆ ಕಟ್ಟುವ ಮೆತ್ತನೆಯ ತೊಗಲ ಪಟ್ಟಿ. ಎದೆಪಟ್ಟಿ ಹಾಕಿದ್ದೇವಲ್ಲ ಎನ್ನುವವರಿದ್ದಾರೆ; ಎದೆಪಟ್ಟಿ ತಡೆಯುವುದು ಹತ್ತುವಾಗಿನ ಹಿಂಜಾರಿಕೆಯನ್ನು, ಇಳಿಯುವಾಗ ಅದು ಬರೀ ಅಲಂಕಾರ. ಬಾಲಪಟ್ಟಿ ಕಟ್ಟುವಾಗ ಬಾಲದ ಕೂದಲು ಒಂದೂ ಒಳಗೆ ಸಿಕ್ಕಿರಬಾರದು. ಪಟ್ಟಿಗೂ ಬೆನ್ನಿಗೂ ನಡುವೆ ಅಂಗೈ ಅಡ್ಡಲಾಗಿ ತೂರುವಷ್ಟು ಸಡಿಲ ಇರಲಿ. ಹೆಚ್ಚು ಬಿಗಿದರೆ ಬಾಲದ ಬುಡ ಕೆತ್ತುತ್ತದೆ, ಕುದುರೆ ಹಿಂಗಾಲು ಎಗರಿಸುತ್ತದೆ. ಹೊಸದಾಗಿ ಕಟ್ಟಿದ ದಿನವೇ ಗುಡ್ಡಕ್ಕೆ ಒಯ್ಯಬೇಡಿ. ವಾರವಿಡೀ ಅಂಗಳದಲ್ಲಿ ನಡೆಸಿ ಅಭ್ಯಾಸ ಮಾಡಿಸಿ.

ಗೊರಸಿನೊಳಗೆ ಅಂಟಿದ ಕೆಂಪು ಜೇಡಿ, ಸಿಕ್ಕಿಕೊಂಡ ಕಲ್ಲು, ಎಲ್ಲವನ್ನೂ ಕೊಕ್ಕೆಯಲ್ಲಿ ಕೆರೆದು ತೆಗೆಯಿರಿ. ಜೇಡಿ ತುಂಬಿದ ಗೊರಸಿಗೆ ಹಿಡಿತವೇ ಇರದು. ಲಾಳವನ್ನೂ ತಟ್ಟಿ ನೋಡಿ. ಲಾಳ ಹೊಡೆಸಿ ಆರೇಳು ವಾರ ದಾಟಿದ್ದರೆ ಗೊರಸಿನ ಮುಂತುದಿ ಉದ್ದ ಬೆಳೆದಿರುತ್ತದೆ. ಇಳಿಯುವಾಗ ಕುದುರೆ ಎಡವುವುದಕ್ಕೆ ಇದೊಂದೇ ಕಾರಣ ಸಾಕು. ಸವೆದು ನುಣ್ಣಗಾದ ಕಬ್ಬಿಣದ ಲಾಳ ಬಂಡೆಯ ಮೇಲೆ ಬರಿಗೊರಸಿಗಿಂತ ಹೆಚ್ಚು ಜಾರುತ್ತದೆ ಎಂಬುದೂ ನೆನಪಿರಲಿ.

ನಿಮ್ಮ ವಿಷಯದಲ್ಲಿ ಹೇಳಬೇಕಾದ್ದು ಸ್ವಲ್ಪವೇ. ಗಲ್ಲದ ಪಟ್ಟಿ ಬಿಗಿದ, ಕುದುರೆ ಸವಾರಿಗೇ ಮಾಡಿದ ಹೆಲ್ಮೆಟ್. ಬೈಕಿನದ್ದು ಬೇಡ, ಅದರ ಭಾರಕ್ಕೆ ಕುತ್ತಿಗೆ ಕುಲುಕುತ್ತದೆ, ಪಕ್ಕದ ನೋಟ ಮುಚ್ಚುತ್ತದೆ. ಇಂಚಿನಷ್ಟು ಹಿಮ್ಮಡಿ ಇರುವ ಬೂಟು. ರಿಕಾಪಿನ, ಅಂದರೆ ಜೀನಿನಿಂದ ತೂಗುವ ಪಾದದ ಬಳೆಯ, ಅಗಲ ಬೂಟಿಗಿಂತ ಒಂದಿಂಚು ಹೆಚ್ಚಿರಬೇಕು, ಇಲ್ಲದಿದ್ದರೆ ಬಿದ್ದಾಗ ಕಾಲು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಚಪ್ಪಲಿಯಲ್ಲಿ ಹತ್ತಿದವರನ್ನು ರಿಕಾಪೇ ಎಳೆದುಕೊಂಡು ಹೋಗುತ್ತದೆ. ಇನ್ನೊಂದು ಅಗ್ಗದ ಉಪಕರಣ: ಹಳೆಯ ರಿಕಾಪಿನ ತೊಗಲನ್ನು ಕುದುರೆಯ ಕುತ್ತಿಗೆಗೆ ಸಡಿಲವಾಗಿ ಕಟ್ಟಿ. ಸಮತೋಲ ತಪ್ಪಿದಾಗ ಕೈ ಲಗಾಮನ್ನು ಜಗ್ಗುವ ಬದಲು ಇದನ್ನು ಹಿಡಿಯುತ್ತದೆ, ಕುದುರೆಯ ಬಾಯಿ ಉಳಿಯುತ್ತದೆ.

ಕೂರುವ ರೀತಿ

ಗುಡ್ಡದ ಓರೆಯಲ್ಲಿ ನೆಟ್ಟ ಅಡಿಕೆ ಮರ ನೋಡಿದ್ದೀರಲ್ಲ. ನೆಲ ಎಷ್ಟೇ ವಾರೆಯಿರಲಿ, ಮರ ಆಕಾಶಕ್ಕೆ ನೆಟ್ಟಗೆ. ಇಳಿಯುವಾಗ ನಿಮ್ಮ ಬೆನ್ನು ಅಷ್ಟೇ ನೆಟ್ಟಗಿರಬೇಕು. ಕುದುರೆಯ ಬೆನ್ನು ಮುಂದಕ್ಕೆ ವಾಲಿರುವುದರಿಂದ, ನೆಟ್ಟಗಿದ್ದರೆ ಸಹಜವಾಗಿಯೇ ಜೀನಿನ ಲೆಕ್ಕದಲ್ಲಿ ತುಸು ಹಿಂದಕ್ಕೆ ಇದ್ದಂತಾಗುತ್ತದೆ. ಅಷ್ಟು ಸಾಕು. ಅದಕ್ಕೂ ಹಿಂದಕ್ಕೆ ಮಲಗಿದರೆ ನಿಮ್ಮ ಭಾರವೆಲ್ಲ ಕುದುರೆಯ ಸೊಂಟದ ಮೇಲೆ ಬೀಳುತ್ತದೆ. ಅಲ್ಲಿ ಪಕ್ಕೆಲುಬಿನ ಆಸರೆ ಇಲ್ಲ. ಹಿಂಗಾಲು ಒಳಕ್ಕೆ ತಂದುಕೊಳ್ಳಲು ಮೇಲೆ ಬಾಗಬೇಕಾದ ಜಾಗವೂ ಅದೇ. ಹಿಂದೆ ವಾಲಿದ ಸವಾರರು ತಮ್ಮ ಕೈಯಾರೆ ಬ್ರೇಕು ಕಟ್ಟಿಹಾಕಿದಂತೆ.

ಹಿಂದೆ ವಾಲುವ ಪದ್ಧತಿ ಒಂದು ಕಾಲದಲ್ಲಿ ಯುರೋಪಿನ ಅಶ್ವದಳಗಳಲ್ಲೂ ಇತ್ತು. ಇಟಲಿಯ ಕ್ಯಾಪ್ಟನ್ ಫೆಡೆರಿಕೊ ಕ್ಯಾಪ್ರಿಲ್ಲಿ (1868–1907) ಅದನ್ನು ತಿರುವುಮುರುವು ಮಾಡಿದ. ಕುದುರೆ ತನ್ನ ಸಮತೋಲವನ್ನು ತಾನೇ ನೋಡಿಕೊಳ್ಳಲಿ, ಸವಾರ ಅದರ ಜೊತೆ ಮುಂದಕ್ಕೆ ಹೋಗಲಿ ಎಂಬುದು ಅವನ ವಾದ. ರೋಮಿನ ಹತ್ತಿರ ಟೋರ್ ದಿ ಕ್ವಿಂಟೋದಲ್ಲಿ ಇಟಲಿಯ ಅಶ್ವದಳದವರು ಗೋಡೆಯಂಥ ಇಳಿಜಾರನ್ನು ಹಾಗೆ ಮುಂದಕ್ಕೆ ಬಾಗಿಯೇ ಇಳಿಯುತ್ತಿದ್ದರು. ನಿಧಾನ ನಡಿಗೆಯಲ್ಲಿ ಇಳಿಯುವವರಿಗೆ ಅಷ್ಟು ಮುಂದೆ ಬಾಗುವ ಅಗತ್ಯವಿಲ್ಲ, ಎಡವಿದರೆ ಕುತ್ತಿಗೆ ದಾಟಿ ಹೋಗುತ್ತೀರಿ. ಆದರೆ ಅನುಮಾನ ಬಂದಾಗ ಹಿಂದಕ್ಕಿಂತ ಮುಂದೆ ಇರುವುದು ಕುದುರೆಗೆ ಹಿತ.

ಪಾದದ ಮುಂಭಾಗ ರಿಕಾಪಿನ ಮೇಲೆ, ಹಿಮ್ಮಡಿ ಕೆಳಕ್ಕೆ, ಮೊಣಕಾಲಿನ ಕೆಳಭಾಗ ಹೊಟ್ಟೆಪಟ್ಟಿಯ ನೇರಕ್ಕೆ ಅಥವಾ ಒಂದಂಗುಲ ಮುಂದೆ. ಕಾಲನ್ನು ಮುಂದಕ್ಕೆ ಚಾಚಿ ರಿಕಾಪನ್ನು ಒದ್ದು ಹಿಡಿದರೆ ಪ್ರತಿ ಹೆಜ್ಜೆಗೂ ಪೃಷ್ಠ ಜೀನಿಗೆ ಬಡಿಯುತ್ತದೆ. ಮಂಡಿಯಿಂದ ಜೀನನ್ನು ಕಚ್ಚಿ ಹಿಡಿದರೂ ಕಷ್ಟವೇ, ಮೈಯ ಮೇಲ್ಭಾಗ ಮುಂದಕ್ಕೆ ಚಿಮ್ಮುತ್ತದೆ. ಮೀನಖಂಡ ಎರಡೂ ಕಡೆ ಹೊಟ್ಟೆಗೆ ಮೆಲ್ಲಗೆ ತಾಗಿರಲಿ. ಹಿಂಭಾಗ ಅತ್ತಿತ್ತ ಹೋಗದಂತೆ ಕಾಯುವುದು ಅದೇ. ನೋಟ ಇಳಿಜಾರಿನ ಬುಡಕ್ಕೆ, ಅಲ್ಲಿಂದ ಕುದುರೆಯ ಹತ್ತು ಹೆಜ್ಜೆ ಮುಂದಿನ ನೆಲಕ್ಕೆ, ಮತ್ತೆ ಬುಡಕ್ಕೆ. ಕುದುರೆಯ ಕಿವಿಯ ನಡುವಿನ ನೆಲವನ್ನೇ ದಿಟ್ಟಿಸಿದರೆ ತಲೆಯ ಭಾರ ಮುಂದೆ ಹೋಗುತ್ತದೆ, ಜೊತೆಗೆ ಭುಜವೂ.

ಲಗಾಮಿನ ಮಾತು ಇದೆಲ್ಲಕ್ಕಿಂತ ಮುಖ್ಯ. ಕುದುರೆ ತಲೆ ಕತ್ತನ್ನು ತಗ್ಗಿಸಿ, ಎತ್ತಿ, ಪಕ್ಕಕ್ಕೆ ಸರಿಸಿ ಸಮತೋಲ ಹಿಡಿಯುತ್ತದೆ. ಹತ್ತಿರದ ನೆಲ ಕಾಣಬೇಕಾದರೂ ತಲೆ ತಗ್ಗಿಸಬೇಕು. ಲಗಾಮು ಬಿಗಿದು ತಲೆ ಎತ್ತಿ ಹಿಡಿದರೆ ಅದು ಕುರುಡಾಗಿ ಇಳಿಯುತ್ತದೆ, ಬೆನ್ನು ಹಳ್ಳ ಬೀಳುತ್ತದೆ, ಹಿಂಗಾಲು ಹೊರಗೇ ಉಳಿಯುತ್ತದೆ. ಹಾಗೆಂದು ಲಗಾಮನ್ನು ಕತ್ತಿನ ಮೇಲೆ ಎಸೆದು ಕೂರುವುದೂ ಸಲ್ಲ. ತಲೆ ಮೊಣಕಾಲಿನ ಮಟ್ಟಕ್ಕೆ ಇಳಿಯುವಷ್ಟು ಉದ್ದ ಬಿಟ್ಟು, ಕಡಿವಾಣದ ತುದಿ ಬೆರಳಿಗೆ ತಿಳಿಯುವಷ್ಟು ಸಂಪರ್ಕ ಇಟ್ಟುಕೊಳ್ಳಿ. ಕೈ ಹೆಗಲ ದಿಬ್ಬದ ಮುಂದೆ, ತಗ್ಗಿನಲ್ಲಿ. ವೇಗ ಹೆಚ್ಚಿದರೆ ನಾಲ್ಕೈದು ಹೆಜ್ಜೆಗೊಮ್ಮೆ ಬೆರಳು ಮುಚ್ಚಿ, ಒಂದು ಹೆಜ್ಜೆ ತಡೆದು, ತಕ್ಷಣ ಬಿಡಿ. ಮುಚ್ಚಿದ್ದಕ್ಕಿಂತ ಬಿಟ್ಟದ್ದೇ ಕುದುರೆಗೆ ಪಾಠ. ಎಳೆದು ಹಿಡಿದುಕೊಂಡೇ ಇದ್ದರೆ ಅದೂ ಎಳೆಯುತ್ತದೆ, ಎಳೆದಾಟದಲ್ಲಿ ಮುನ್ನೂರು ಕಿಲೋದ ಪ್ರಾಣಿಯೇ ಗೆಲ್ಲುವುದು. ಎಡವಿದ ಕ್ಷಣದಲ್ಲಂತೂ ಬೆರಳು ತೆರೆದು ಲಗಾಮು ಜಾರಲು ಬಿಡಿ. ತಲೆ ಎತ್ತಿ ಹಿಡಿದು ಕುದುರೆಯನ್ನು ಬೀಳದಂತೆ ಉಳಿಸಿದೆ ಎನ್ನುವವರು ಬಹಳ. ಕುದುರೆ ಎದ್ದುಕೊಂಡದ್ದು ಅವರ ಕೈಯನ್ನೂ ಮೀರಿ.

ನಡಿಗೆ ಬಿಟ್ಟು ಬೇರೆ ಗತಿ ಬೇಡ. ದುಡುಕಿ ಓಡಿದರೆ ಮುಂಗಾಲಿನ ಮೇಲೆ ಬೀಳುವ ಹೊಡೆತ ಹಲವು ಪಟ್ಟು ಹೆಚ್ಚುತ್ತದೆ.

ನೇರವೋ ಓರೆಯೋ

ರಸ್ತೆ ಹಾವಿನಂತೆ ಬಳಸಿ ಇಳಿಯುತ್ತದಲ್ಲ, ಕುದುರೆಯನ್ನೂ ಹಾಗೇ ಓರೆಯಾಗಿ ಇಳಿಸಿದರೆ ಸುಲಭ ಅಲ್ಲವೇ ಎಂದು ಎಲ್ಲರಿಗೂ ಅನ್ನಿಸುತ್ತದೆ. ಸಪಾಟಾಗಿ ಕಡಿದ ದಾರಿ ಇದ್ದರೆ ಧಾರಾಳವಾಗಿ ಹಾಗೆಯೇ ಇಳಿಯಿರಿ. ಕಾಲಿನ ಕೆಳಗೆ ಎಡಬಲ ಸಮ ಇದೆ. ದಾರಿಯೇ ಇಲ್ಲದ ಬ್ಯಾಣದ, ಅಂದರೆ ಹುಲ್ಲುಗುಡ್ಡದ, ಓರೆಯಲ್ಲಿ ಲೆಕ್ಕ ಬೇರೆ. ಕುದುರೆಯ ಎಡ ಬಲ ಗೊರಸುಗಳ ನಡುವೆ ಇರುವುದು ಒಂದಡಿ ಚಿಲ್ಲರೆ, ಮುಂದಿನ ಹಿಂದಿನ ಗೊರಸುಗಳ ನಡುವೆ ನಾಲ್ಕಡಿ. ಇಳಿಜಾರಿಗೆ ಮುಖ ಮಾಡಿದ್ದಾಗ ಜಾರಿದರೆ ಆ ನಾಲ್ಕಡಿಯ ಆಸರೆ ಇದೆ: ಹಿಂಗಾಲು ಮಡಚಿ ಕೂತುಕೊಳ್ಳುತ್ತದೆ, ನಾಲ್ಕು ಮಾರು ಜಾರಿ ನಿಲ್ಲುತ್ತದೆ. ಓರೆಯಾಗಿದ್ದಾಗ ಜಾರಿದರೆ ನಾಲ್ಕೂ ಕಾಲು ಒಟ್ಟಿಗೆ ಕೆಳಗಿನ ಕಡೆಗೆ ಹೋಗುತ್ತವೆ, ಪಕ್ಕೆ ನೆಲಕ್ಕೆ ಬೀಳುತ್ತದೆ, ಉರುಳು ಶುರುವಾಗುತ್ತದೆ. ಆಗ ಸವಾರರ ಒಂದು ಕಾಲು ಅದರ ಅಡಿಯಲ್ಲಿರುತ್ತದೆ.

ಹಾಗಾಗಿ 15 ಡಿಗ್ರಿ ದಾಟಿದ ಬಯಲು ಓರೆಯಲ್ಲಿ ನೇರವಾಗಿ ಇಳಿಯಿರಿ. ಹಿಂಭಾಗ ಬಲಕ್ಕೆ ಸರಿದರೆ ಬಲಗಾಲನ್ನು ಹೊಟ್ಟೆಪಟ್ಟಿಯ ಒಂದು ಗೇಣು ಹಿಂದೆ ಒತ್ತಿ ನೆಟ್ಟಗೆ ಮಾಡಿ, ಲಗಾಮಿನಿಂದ ತಿದ್ದಲು ಹೋಗಬೇಡಿ. ಲಗಾಮು ಎಳೆದರೆ ತಲೆ ತಿರುಗುತ್ತದೆ, ಓರೆ ಇನ್ನೂ ಹೆಚ್ಚುತ್ತದೆ. ಅರ್ಧ ಇಳಿದ ಮೇಲೆ ಮನಸ್ಸು ಬದಲಿಸಿ ತಿರುಗಿಸುವುದು ಎಲ್ಲಕ್ಕಿಂತ ಅಪಾಯ. ಭಯವಾದರೆ ನಿಲ್ಲಿಸಿ, ಉಸಿರು ತೆಗೆದುಕೊಂಡು, ಮುಂದೆಯೇ ಇಳಿಯಿರಿ.

ಒಂದು ಕಡೆ ದರೆ, ಇನ್ನೊಂದು ಕಡೆ ಕಂದರ, ನಡುವೆ ಮೂರಡಿ ದಾರಿ, ಮುಂದೆ ಮರ ಬಿದ್ದಿದೆ, ತಿರುಗಲೇಬೇಕು ಎಂಬ ಸಂದರ್ಭ ಮಳೆಗಾಲ ಮುಗಿದ ಮೇಲೆ ಇಲ್ಲಿ ಸಾಮಾನ್ಯ. ಸವಾರರು ಇಳಿದು, ಕುದುರೆಯ ತಲೆಯನ್ನು ಕಂದರದ ಕಡೆಗೆ, ಹಿಂಭಾಗವನ್ನು ದರೆಯ ಕಡೆಗೆ ಮಾಡಿ ತಿರುಗಿಸಬೇಕು. ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಕುದುರೆಗೆ ಮುಂಗಾಲು ಎಲ್ಲಿಡುತ್ತಿದ್ದೇನೆ ಎಂದು ಕಾಣುತ್ತದೆ, ಅಂಚು ನೋಡಿ ಹಿಂದೆ ಸರಿಯುತ್ತದೆ. ತಲೆಯನ್ನು ದರೆಗೆ ತಿರುಗಿಸಿದರೆ ಅಂಚಿನಲ್ಲಿ ಓಡಾಡುವುದು ಅದಕ್ಕೆ ಕಾಣದ ಹಿಂಗಾಲು. ಅದಕ್ಕೂ ಜಾಗವಿಲ್ಲದಿದ್ದರೆ ಹಿಮ್ಮುಖವಾಗಿ ನಡೆಸಿಕೊಂಡು ಅಗಲ ಸಿಗುವಲ್ಲಿಗೆ ಬನ್ನಿ. ಹಿಂದಕ್ಕೆ ನಡೆಯುವುದನ್ನು ಅಂಗಳದಲ್ಲೇ ಕಲಿಸಿರಬೇಕು.

ನಮ್ಮ ನೆಲ

ಮಲೆನಾಡಿನ ಗುಡ್ಡ ಒಂದೇ ಗುಡ್ಡದಲ್ಲಿ ನಾಲ್ಕು ಬಗೆಯ ನೆಲ ಇಡುತ್ತದೆ. ಜಂಬಿಟ್ಟಿಗೆ ಹಾಸಿನ ಮೇಲೆ ನುರುಜು ಹರಡಿದ್ದರೆ ಅದು ಬೇಸಿಗೆಯ ಅಪಾಯ. ಅಡಿಯಲ್ಲಿ ಗಟ್ಟಿ, ಮೇಲೆ ಉರುಳುವ ಕಲ್ಲು, ಗೊರಸು ಊರುವುದಿಲ್ಲ. ಪಕ್ಕದ ಹುಲ್ಲಿನ ಮೇಲೆ ಹೋಗಿ, ಆದರೆ ಜನವರಿ ಕಳೆದ ಮೇಲೆ ಒಣಗಿ ಮಲಗಿದ ಹುಲ್ಲೂ ಜಾರುತ್ತದೆ, ಅದರೊಳಗೆ ಹಳೆಯ ಗಿಡದ ಗುಂಡಿ, ಮುಳ್ಳುತಂತಿ ಅಡಗಿರುತ್ತದೆ. ಅಕೇಶಿಯಾ ನೆಡುತೋಪಿನ ಇಳಿಜಾರನ್ನು ಬೇಸಿಗೆಯಲ್ಲಿ ಪೂರ್ತಿ ಬಿಟ್ಟುಬಿಡಿ ಎಂದೇ ಹೇಳುತ್ತೇನೆ. ಗಡುಸಾದ ನುಣ್ಣನೆ ದರಗು, ಅಂದರೆ ಉದುರಿದ ಒಣ ಎಲೆ, ಗೇಣುದ್ದ ಪದರವಾಗಿ ಬಿದ್ದು, ಪದರದ ಮೇಲೆ ಪದರ ಸರಿಯುತ್ತದೆ. ಲಾಳ ಇರಲಿ ಬಿಡಲಿ ಹಿಡಿತ ಇಲ್ಲ. ಕಾನಿನೊಳಗಿನ ದರಗು ಕೊಳೆತು ಮಣ್ಣಾಗಿರುವುದರಿಂದ ಅಷ್ಟು ಕೆಟ್ಟದ್ದಲ್ಲ, ಅಲ್ಲಿ ತೊಡಕು ಬೇರಿನದ್ದು. ಬಿಸಿಲಿನಿಂದ ಕಾನಿನ ನೆರಳಿಗೆ ಇಳಿಯುವಾಗ ಕಾನಿನ ಅಂಚಿನಲ್ಲಿ ಒಂದೆರಡು ನಿಮಿಷ ನಿಲ್ಲಿಸಿ. ಕತ್ತಲೆಗೆ ಹೊಂದಿಕೊಳ್ಳಲು ಕುದುರೆಯ ಕಣ್ಣಿಗೆ ನಮಗಿಂತ ಹೆಚ್ಚು ಹೊತ್ತು ಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಿದಾದ ಇಳಿಜಾರಿನ ಮಾತೇ ಬೇಡ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯ ಕಡೆಯಂತೂ ಕಲ್ಲಿನ ಮೇಲಿನ ಹಾವಸೆ ನವೆಂಬರ್‌ವರೆಗೂ ಒಣಗುವುದಿಲ್ಲ. ಮಳೆಗಾಲಕ್ಕಿಂತ ಮೋಸದ್ದು ಏಪ್ರಿಲ್, ಮೇ ತಿಂಗಳ ಮೊದಲ ಅಡ್ಡಮಳೆ. ಬೇಸಿಗೆಯ ಕೆಂಪು ದೂಳಿಗೆ ಅರ್ಧ ಇಂಚು ನೀರು ಬಿದ್ದರೆ ಮೇಲ್ಪದರ ಮಾತ್ರ ಜಾರುಬಂಡೆ, ಅಡಿ ಗಟ್ಟಿ. ಒಂದು ದಿನ ಬಿಟ್ಟು ಹೊರಡಿ. ಚಳಿಗಾಲದಲ್ಲಿ ಇಬ್ಬನಿ ಆರುವ ಹೊತ್ತು, ಹತ್ತು ಗಂಟೆಯ ಮೇಲೆ.

ಹಾಸುಗಲ್ಲಿನ ಇಳಿಜಾರು, ಕವಲೇದುರ್ಗದ ದಾರಿಯಂಥದ್ದು, ಕಂಡರೆ ತಕ್ಷಣ ಕುದುರೆಯಿಂದ ಇಳಿಯಿರಿ. ಕೆಳದಿ ಅರಸರ ಕಾಲದಲ್ಲಿ ಭಟ್ಕಳ, ಹೊನ್ನಾವರದ ಬಂದರಿಗೆ ಬಂದ ಅರಬ್ ಕುದುರೆಗಳು ಘಟ್ಟ ಹತ್ತಿದ್ದು ನಿಜ. ಆದರೆ ಹೇರೆತ್ತಿನ ಸೀಳುಗೊರಸು ಹಿಡಿಯುವ ಕಲ್ಲನ್ನು ಕುದುರೆಯ ಒಂಟಿಗೊರಸು ಹಿಡಿಯುವುದಿಲ್ಲ. ಇಳಿಜಾರಿನ ಕಾಂಕ್ರೀಟ್ ರಸ್ತೆಗೂ ಇದೇ ಮಾತು. ಘಟ್ಟದ ಟಾರು ರಸ್ತೆಯಲ್ಲಿ ಸವಾರಿಯೇ ಬೇಡ. ತಿರುವಿನಲ್ಲಿ ಬಸ್ಸು ಬಂದರೆ ಹೋಗಲು ಜಾಗವಿಲ್ಲ. ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿಧಾಮಕ್ಕೆ, ಆಗುಂಬೆ ಘಾಟಿ ಸೋಮೇಶ್ವರ ಅಭಯಾರಣ್ಯಕ್ಕೆ ಸೇರಿದ್ದು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಂಥ ಕಡೆ ಪ್ರಾಣಿ ಒಯ್ಯುವಂತಿಲ್ಲ.

ಉಂಬಳದ ಜಾಗದಲ್ಲಿ ಇಳಿಜಾರಿನ ನಡುವೆ ನಿಲ್ಲಬೇಡಿ. ಕಾಲಿಗೆ ಹತ್ತಿದ ಉಂಬಳಕ್ಕೆ ಕುದುರೆ ಕಾಲು ಬಡಿಯುತ್ತದೆ, ಕಡಿದಾದ ಕಡೆ ಅಷ್ಟೇ ಸಾಕು. ಇನ್ನು ಡಿಸೆಂಬರ್‌ನಿಂದ ಮೇವರೆಗೆ ದರಗಿನಲ್ಲಿ ಇಳಿದು ನಡೆಯುವವರಿಗೆ ಉಣುಗಿನ ಎಚ್ಚರ ಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ. ತುಂಬು ಪ್ಯಾಂಟು, ಗಂಬೂಟು, ಮೈಗೆ ಉಣುಗು ತಡೆಯುವ ಎಣ್ಣೆ, ಮನೆಗೆ ಬಂದ ಮೇಲೆ ಬಿಸಿನೀರಿನ ಸ್ನಾನ. ಕುದುರೆಯ ಕಿವಿ, ತೊಡೆಸಂದು, ಬಾಲದ ಬುಡವನ್ನೂ ತಡವಿ ನೋಡಿ.

ಇಳಿದು ನಡೆಸುವಾಗ

ಕುದುರೆಯಿಂದ ಇಳಿಯುವುದು ಯಾವಾಗಲೂ ಗುಡ್ಡದ ಮೇಲಿನ ಪಕ್ಕಕ್ಕೆ. ಅದಕ್ಕಾಗಿ ಎರಡೂ ಕಡೆಯಿಂದ ಹತ್ತಿ ಇಳಿಯುವ ಅಭ್ಯಾಸ ಕುದುರೆಗೂ ನಿಮಗೂ ಇರಬೇಕು. ರಿಕಾಪನ್ನು ಮೇಲಕ್ಕೆ ಎತ್ತಿ ಕಟ್ಟಿ, ತೂಗಾಡಿದರೆ ಪೊದೆಗೆ ಸಿಕ್ಕಿಕೊಳ್ಳುತ್ತದೆ. ಹತ್ತಡಿ ಉದ್ದದ ಹಗ್ಗ ಕೈಯಲ್ಲಿ ಮಡಚಿ ಹಿಡಿಯಿರಿ, ಮುಷ್ಟಿಗೆ ಸುತ್ತಬೇಡಿ. ಜಾಗ ಇದ್ದರೆ ಕುದುರೆಯ ಭುಜದ ಪಕ್ಕದಲ್ಲಿ, ಮೇಲಿನ ಬದಿಯಲ್ಲಿ ನಡೆಯಿರಿ. ದಾರಿ ಕಿರಿದಾಗಿ ಮುಂದೆ ನಡೆಯಲೇಬೇಕಾದರೆ ಹಗ್ಗದ ಉದ್ದ ಪೂರ್ತಿ ಬಿಟ್ಟು ಅಂತರ ಕಾಯ್ದುಕೊಳ್ಳಿ, ಕುದುರೆ ಹತ್ತಿರ ಬಂದರೆ ಹಗ್ಗ ಬೀಸಿ ನಿಲ್ಲಿಸಿ. ನೇರ ಅದರ ಮೂಗಿನ ಕೆಳಗೆ ನಡೆಯುವವರ ಮೇಲೆ ಜಾರಿದ ಕುದುರೆ ಬಂದು ಬೀಳುತ್ತದೆ.

ಸವಾರಿಯಲ್ಲೇ ಜಾರು ಶುರುವಾದರೆ ಮಾಡುವುದಕ್ಕಿಂತ ಮಾಡದಿರುವುದು ಹೆಚ್ಚು. ತಿರುಗಿಸಬಾರದು, ಎಳೆಯಬಾರದು, ಹಿಂದಕ್ಕೆ ಬೀಳಬಾರದು. ಲಗಾಮು ಬಿಟ್ಟು, ಕುತ್ತಿಗೆಪಟ್ಟಿ ಹಿಡಿದು, ಎರಡು ಮೀನಖಂಡದ ನಡುವೆ ಕುದುರೆಯನ್ನು ನೆಟ್ಟಗಿಡಿ. ಪಕ್ಕಕ್ಕೆ ವಾಲತೊಡಗಿದರೆ ಎರಡೂ ಪಾದ ರಿಕಾಪಿನಿಂದ ತೆಗೆದು ಮೇಲಿನ ಬದಿಗೆ ಹಾರಿ. ಬಿದ್ದ ಕುದುರೆಯನ್ನು ಎಳೆದೆಬ್ಬಿಸಬೇಡಿ, ತಾನೇ ಎದ್ದು ನಿಂತ ಮೇಲೆ ನಾಲ್ಕು ಕಾಲೂ ಭಾರ ಹೊರುತ್ತವೆಯೇ ನೋಡಿ.

ನಾಲ್ಕಾರು ಜನ ಒಟ್ಟಿಗಿದ್ದರೆ ಪಳಗಿದ ಕುದುರೆ ಮೊದಲು, ಅಂಜುವುದು ನಡುವೆ. ಒಂದು ಕೆಳಗೆ ಮುಟ್ಟಿದ ಮೇಲೆ ಇನ್ನೊಂದು ಹೊರಡಲಿ. ಕೆಳಗೆ ಇಳಿದವರು ಮೇಲಿನವರಿಗೆ ಕಾಣುವಂತೆ ನಿಂತಿರಬೇಕು. ಜೊತೆಗಾರ ಕುದುರೆ ಮರೆಯಾದರೆ ಮೇಲಿನದ್ದು ಓಡಿ ಬರುತ್ತದೆ. ಗುಂಪು ಸವಾರಿಯಲ್ಲಿ ಅನಾಹುತವಾಗುವುದು ಹೆಚ್ಚಾಗಿ ಹೀಗೆ.

ಬೆಂಗಳೂರು, ಮೈಸೂರಿನ ರೇಸಿನಿಂದ ನಿವೃತ್ತವಾದ ಥರೋಬ್ರೆಡ್ ತಂದುಕೊಂಡವರಿಗೆ ಒಂದು ಮಾತು. ಅದು ಹುಟ್ಟಿದಂದಿನಿಂದ ಓಡಿದ್ದು ಸಪಾಟು ನೆಲದಲ್ಲಿ, ಇಳಿಜಾರು ಕಂಡರೆ ಅದಕ್ಕೆ ತೋಚುವುದು ಓಟ. ಮೊದಲ ಎರಡು ವಾರ ಸವಾರರಿಲ್ಲದೆ, 5ರಿಂದ 10 ಡಿಗ್ರಿಯ ಓರೆಯಲ್ಲಿ, ಹಗ್ಗ ಹಿಡಿದು ನಡೆಸಿ. ಮೂರು ಹೆಜ್ಜೆ, ನಿಲ್ಲು. ಮೂರು ಹೆಜ್ಜೆ, ನಿಲ್ಲು. ಮಾತಿಗೇ ನಿಲ್ಲುವಂತಾದ ಮೇಲೆ ಅದೇ ಜಾಗದಲ್ಲಿ ಹತ್ತಿ ಕೂತು ಅದೇ ಪಾಠ. ಇಳಿಜಾರಿನಲ್ಲಿ ಒಂದೆರಡು ಹೆಜ್ಜೆ ಹಿಂದಕ್ಕೆ ನಡೆಸುವುದು ಹಿಂಗಾಲಿಗೆ ಒಳ್ಳೆಯ ಕಸರತ್ತು. ವಾರಕ್ಕೆ ಎರಡು ಮೂರು ದಿನ ಮಾತ್ರ, ಆರರಿಂದ ಎಂಟು ವಾರ. 20 ಡಿಗ್ರಿಗೆ ಆಮೇಲೆ.

ಇಳಿದು ಮುಗಿಸಿದ ಮೇಲೆ ಹೊಟ್ಟೆಪಟ್ಟಿ ಒಂದು ರಂಧ್ರ ಸಡಿಲಿಸಿ, ಮುಂಗಾಲಿನ ಹಿಂಬದಿಯ ಸ್ನಾಯುರಜ್ಜುವನ್ನು ಮೇಲಿಂದ ಕೆಳಕ್ಕೆ ಸವರಿ. ಬಿಸಿ ಅಥವಾ ಊತ ತಾಗಿದರೆ ಹಳ್ಳದ ನೀರಿನಲ್ಲಿ ಹದಿನೈದು ನಿಮಿಷ ನಿಲ್ಲಿಸಿ, ಮೂಗಿನ ಹೊಳ್ಳೆಗೆ ಉಂಬಳ ಹೋಗದಂತೆ ನೋಡಿಕೊಳ್ಳಿ. ಜೀನು ಬಿಚ್ಚಿದಾಗ ಬೆವರಿನ ಗುರುತು ನೋಡಿ: ಎಲ್ಲ ಕಡೆ ಒದ್ದೆಯಿದ್ದು ಹೆಗಲ ದಿಬ್ಬದ ಪಕ್ಕ ಅಂಗೈಯಗಲ ಒಣಗಿದ್ದರೆ ಜೀನು ಅಲ್ಲಿ ಒತ್ತಿದೆ ಎಂದರ್ಥ. ಮಾರನೆಯ ದಿನ ಸಪಾಟು ನೆಲದಲ್ಲಿ ಸವಾರರಿಲ್ಲದೆ ಅರ್ಧ ಗಂಟೆ ನಡೆಸಿ. ಹೆಜ್ಜೆ ತುಸು ಚಿಕ್ಕದಾಗಿದ್ದರೆ ಹೆಗಲ ಖಂಡದ ನೋವು, ಎರಡು ಮೂರು ದಿನದಲ್ಲಿ ಹೋಗುತ್ತದೆ. ಆಮೇಲೂ ಉಳಿದರೆ, ಅಥವಾ ಗೊರಸು ಬಿಸಿಯಾಗಿ ಕುದುರೆ ಭಾರವನ್ನು ಹಿಂದಕ್ಕೆ ಹಾಕಿ ನಿಲ್ಲತೊಡಗಿದರೆ, ಲ್ಯಾಮಿನೈಟಿಸ್, ಅಂದರೆ ಗೊರಸಿನ ಒಳಪದರದ ಉರಿಯೂತ, ಇರಬಹುದು. ಅದಕ್ಕೆ ನಡಿಗೆಯೂ ಬೇಡ, ಮೆತ್ತನೆ ಹಾಸಿನ ಮೇಲೆ ನಿಲ್ಲಿಸಿ ಆ ದಿನವೇ ಪಶುವೈದ್ಯರನ್ನು ಕರೆಸಿ.